ಒಂದೇ ಪಲ್ಯ, ಎರಡು ಊಟ: ಓವನ್ ಇಲ್ಲದ ಮನೆಯ ಬೇಕ್ಡ್ ಪಾಸ್ತಾ

ಬಿಂಡಿಗನವಿಲೆ ಕಡೆಯ ಮನೆಗಳಲ್ಲಿ ಸಂಜೆ ಅಂದರೆ ಗಡಿಬಿಡಿ. ಹಸು ಕರೆಯಬೇಕು, ಡೇರಿಗೆ ಹಾಲು ಹಾಕಿ ಬರಬೇಕು, ಮಕ್ಕಳನ್ನು ಹೋಂವರ್ಕಿಗೆ ಕೂರಿಸಬೇಕು, ಅಷ್ಟರಲ್ಲಿ ಹಿರಿಯರ ತಟ್ಟೆಗೆ ಬಿಸಿ ಮುದ್ದೆ ಬೀಳಬೇಕು. ಇದರ ಮಧ್ಯೆ ಮಕ್ಕಳದು ಪಾಸ್ತಾ ಹಟ. ಎರಡೆರಡು ಅಡುಗೆ ಮಾಡುವವರು ಯಾರು? ಕೊನೆಗೆ ಯಾವುದೋ ದಿಢೀರ್ ಪೊಟ್ಟಣ ಹರಿದು, ಅದರ ಮಸಾಲೆ ಸುರಿದು, ಕುದಿಸಿ ಕೊಟ್ಟು ಸುಮ್ಮನಾಗುತ್ತೇವೆ.

ಇದಕ್ಕೊಂದು ದಾರಿ ಇದೆ. ಮಧ್ಯಾಹ್ನ ಬಸ್ಸಾರು ಮಾಡಿದ ದಿನವೇ ರಾತ್ರಿಗೆ ಬೇಕ್ಡ್ ಪಾಸ್ತಾ ಇಟ್ಟುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿದ ಮೇಲೆ ಕಟ್ಟು ಸಾರಿಗೆ ಹೋಗುತ್ತದೆ, ಉಳಿದದ್ದು ಪಲ್ಯ. ಆ ಪಲ್ಯದಲ್ಲಿ ಅರ್ಧ ಮುದ್ದೆ ಉಣ್ಣುವವರಿಗೆ, ಅರ್ಧ ಪಾಸ್ತಾದ ನಡುಪದರಕ್ಕೆ. ತರಕಾರಿ ಹೆಚ್ಚುವ ಕೆಲಸ ಒಂದೇ ಸಲ. ಓವನ್ ಇಲ್ಲ ಅನ್ನುವ ಚಿಂತೆಯೂ ಬೇಡ.

ಬೇಯಿಸಿದ ಪಾಸ್ತಾಕ್ಕೆ ಹಾಲು, ಬೆಣ್ಣೆ, ಹಿಟ್ಟು, ಚೀಸ್ ಕೂಡಿಸಿ ಮೇಲೆ ಕೆಂಪಗೆ ಮಾಡಿ ಬಡಿಸುವುದು ಹಳೆಯ ಪದ್ಧತಿ. ಇಂಗ್ಲೆಂಡಿನ ಎಲಿಜಬೆತ್ ರಾಫಾಲ್ಡ್ 1769ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲೇ ಇಂಥದೊಂದು ಮ್ಯಾಕರೋನಿ ಇದೆ. ಚರಿತ್ರೆ ಇಷ್ಟು ಸಾಕು, ಒಲೆ ಹತ್ತಿರ ಹೋಗೋಣ.

ಒಳಗೆ ಆಗುವುದೇನು?

ಕೇಕಿನ ಹಿಟ್ಟು ಹಸಿಯಾಗಿ ಒಳಗೆ ಹೋಗಿ ಬೆಂದು ಹೊರಗೆ ಬರುತ್ತದೆ. ಬೇಕ್ಡ್ ಪಾಸ್ತಾದ ಲೆಕ್ಕ ಬೇರೆ. ಅದು ಟಿನ್ನಿಗೆ ಸೇರುವ ಹೊತ್ತಿಗೆ ಪಾಸ್ತಾ ಮುಕ್ಕಾಲು ಬೆಂದಿರುತ್ತದೆ, ಪಲ್ಯ ಪೂರ್ತಿ ಬೆಂದಿರುತ್ತದೆ, ಸಾಸ್ ಕುದಿದಿರುತ್ತದೆ. ಆಮೇಲೆ ಕಾವಿಗೆ ಉಳಿಯುವ ಕೆಲಸ ಮೂರೇ: ಪಾಸ್ತಾ ಸಾಸಿನ ನೀರು ಕುಡಿದು ಉಳಿದ ಕಾಲುಭಾಗ ಬೇಯಬೇಕು, ಸಾಸ್ ಗಟ್ಟಿಯಾಗಿ ಎಲ್ಲವನ್ನೂ ಹಿಡಿದುಕೊಳ್ಳಬೇಕು, ಮೇಲ್ಭಾಗ ಕೆಂಪಗಾಗಿ ಗರಿಗರಿ ಆಗಬೇಕು.

ಮೊದಲೆರಡಕ್ಕೆ ಮುಚ್ಚಿಟ್ಟ ದಪ್ಪ ಪಾತ್ರೆ ಧಾರಾಳ ಸಾಕು. ಮೂರನೆಯದೇ ತಕರಾರಿನದು. ಒದ್ದೆ ಇರುವ ತನಕ ಯಾವ ಪದಾರ್ಥದ ಮೇಲ್ಮೈಯೂ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗಲು ಹೆಚ್ಚುಕಡಿಮೆ 140 ಡಿಗ್ರಿಯಾದರೂ ಬೇಕು. ಮುಚ್ಚಳ ಹಾಕಿದ ಪಾತ್ರೆಯೊಳಗೆ ಹಬೆ ತುಂಬಿಕೊಳ್ಳುವುದರಿಂದ ಒಲೆಯ ಮೇಲೆ ಮಾಡಿದ್ದು ಬೆಳ್ಳಗೇ ಉಳಿಯುತ್ತದೆ. ಹಾಗಾಗಿ ಗರಿಗರಿ ಪದರವನ್ನು ಬೇರೆ ಮಾಡಿಕೊಂಡು ಕೊನೆಗೆ ಉದುರಿಸುವುದು ಒಲೆಯವರ ಉಪಾಯ.

ಪಾಸ್ತಾ ಯಾವುದು ಅನ್ನುವುದೂ ಮುಖ್ಯ. ಒಳ್ಳೆಯ ಪಾಸ್ತಾ ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ್ದು. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಆ ಜಾತಿಯ ಗೋಧಿಯದೇ. ಬನ್ಸಿ ರವೆ ಉಪ್ಪಿಟ್ಟು ಉದುರುದುರಾಗಿ ಬರುವುದಕ್ಕೂ ಡ್ಯೂರಮ್ ಪಾಸ್ತಾ ಎರಡು ಸಲ ಬಿಸಿ ಕಂಡರೂ ಮುದ್ದೆಯಾಗದೆ ಇರುವುದಕ್ಕೂ ಕಾರಣ ಒಂದೇ, ಆ ಗೋಧಿಯ ಗಡಸುತನ. ಬರೀ ಮೈದಾದ ಅಗ್ಗದ ಪಾಸ್ತಾ ಈ ಅಡುಗೆಗೆ ಆಗಿಬರುವುದಿಲ್ಲ. ಕೊಳವೆಯಂಥ ಪೆನ್ನೆ ಆಗಲಿ, ಬಾಗಿದ ಮ್ಯಾಕರೋನಿ ಆಗಲಿ ತನ್ನಿ. ಸಾಸ್ ಒಳಗೆ ಹೊಕ್ಕು ಕೂರುತ್ತದೆ. ಪೊಟ್ಟಣದ ಹಿಂಬದಿ ಓದಿ ಕೊಳ್ಳಿ.

ಯಾವ ಪಲ್ಯ ಹೊಂದುತ್ತದೆ, ಯಾವುದು ಹೊಂದುವುದಿಲ್ಲ

ಎಲ್ಲ ಬಸ್ಸಾರಿನ ಪಲ್ಯವೂ ಹಾಲಿನ ಸಾಸಿಗೆ ಒಗ್ಗುವುದಿಲ್ಲ. ನನ್ನ ಮೊದಲ ಓಟು ಸಬ್ಬಸಿಗೆ ಸೊಪ್ಪು, ಹೆಸರುಕಾಳಿಗೆ. ಸಬ್ಬಸಿಗೆಯ ಘಮಕ್ಕೂ ಹಾಲು ಬೆಣ್ಣೆಗೂ ಬಲು ನಂಟು. ಯುರೋಪಿನ ಉತ್ತರದ ದೇಶಗಳವರು ಕೆನೆಯ ಸಾಸಿಗೆ ಹಾಕುವುದು ಇದೇ ಸೊಪ್ಪನ್ನು. ದಂಟಿನ ಸೊಪ್ಪು ತೊಗರಿಬೇಳೆಯದು ಪರವಾಗಿಲ್ಲ, ಆದರೆ ದಂಟು ಎಳೆಯದಿರಬೇಕು, ನಾರು ಇದ್ದರೆ ಮಕ್ಕಳು ಬದಿಗೆ ಎತ್ತಿಡುತ್ತಾರೆ. ಹುರುಳಿಕಾಯಿ ಪಲ್ಯ ಚೆನ್ನಾಗಿ ಹೊಂದುತ್ತದೆ. ಚಳಿಗಾಲದಲ್ಲಿ ಸೊಗಡು ಅವರೆಕಾಯಿ ಬಂತೆಂದರೆ ಕೇಳುವುದೇ ಬೇಡ. ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ, ಈರುಳ್ಳಿ ಒಗ್ಗರಣೆ ಕೊಟ್ಟು ನಡುಪದರಕ್ಕೆ ಹಾಕಿ. ಚೀಸ್ ಕಡಿಮೆ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಬೇಡದವು: ಹುಳಿಸೊಪ್ಪು ಹಾಕಿದ ಮಿಶ್ರಸೊಪ್ಪು, ಹುಣಸೆ ಹಿಂಡಿದ ಪಲ್ಯ, ಹುಳಿ ಟೊಮೇಟೊ ಜಾಸ್ತಿ ಬಿದ್ದದ್ದು. ಹುಳಿ ತಾಗಿದರೆ ಹಾಲು ಒಡೆಯುತ್ತದೆ. ಹುರುಳಿಕಾಳಿನ ಪಲ್ಯಕ್ಕೆ ಅದರದೇ ಗತ್ತು. ಅದನ್ನು ಮುದ್ದೆಯ ಪಕ್ಕದಲ್ಲೇ ಬಿಡುವುದು ಮರ್ಯಾದೆ.

ಇನ್ನೊಂದು ಮಾತು. ಪಾಸ್ತಾದ ಪಾಲನ್ನು ಕಾಯಿತುರಿ ಹಾಕುವ ಮೊದಲೇ ತೆಗೆದಿಡಿ. ತೆಂಗಿನಕಾಯಿ, ಚೀಸ್ ಎರಡೂ ಜಿಡ್ಡಿನವು, ಒಟ್ಟಿಗೆ ತಿಂದರೆ ಬಾಯಿ ಕಟ್ಟುತ್ತದೆ. ಮೇಲಾಗಿ ಕಾಯಿ ಬಿದ್ದ ಪಲ್ಯ ಸಂಜೆ ಹೊತ್ತಿಗೆ ಬೇಗ ಹಳಸುತ್ತದೆ.

ಬೇಕಾಗುವ ಸಾಮಾನು (ನಾಲ್ಕೈದು ಜನಕ್ಕೆ)

ಪಾಸ್ತಾ 250 ಗ್ರಾಂ. ಕಾಯಿ ಹಾಕದ ಒಣ ಪಲ್ಯ 2 ಕಪ್. ಹಾಲು ಅರ್ಧ ಲೀಟರ್. ಮೈದಾ 3 ದೊಡ್ಡ ಚಮಚ. ಬೆಣ್ಣೆ 2 ದೊಡ್ಡ ಚಮಚ. ಚೀಸ್ 100 ಗ್ರಾಂ, ಅಂದರೆ 25 ಗ್ರಾಂನ ಕ್ಯೂಬ್ ನಾಲ್ಕು. ಬೆಳ್ಳುಳ್ಳಿ ನಾಲ್ಕು ಎಸಳು, ಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ (ಕರಿಮೆಣಸು, ಖಾರದ ಪುಡಿಯಲ್ಲ). ಮೇಲೆ ಉದುರಿಸಲು ಬೇಕರಿಯ ಖಾರ ಬಿಸ್ಕತ್ತು ನಾಲ್ಕೈದು.

ಹಾಲು ಪ್ಯಾಕೆಟ್ಟಿನದಾದರೆ ನಂದಿನಿಯ ನೀಲಿ ಪ್ಯಾಕೆಟ್ ಸಾಕು. ಮನೆ ಹಾಲಾದರೆ ಮೊದಲು ಕಾಯಿಸಿ ಆರಿಸಿ. ಎಮ್ಮೆ ಹಾಲಾದರೆ ಕಾಲು ಭಾಗ ನೀರು ಬೆರೆಸಿ. ಬೆಳಗಿನ ಹಾಲು ಹೊರಗೇ ಉಳಿದಿದ್ದರೆ ಒಂದು ಸೌಟು ಬೇರೆ ಕುದಿಸಿ ನೋಡಿ. ಒಡೆಯಿತೋ, ಆ ಹಾಲಿನಲ್ಲಿ ಸಾಸ್ ಮಾಡುವ ಯೋಚನೆ ಬಿಡಿ.

ಚೀಸಿನಲ್ಲಿ ಎರಡು ಬಗೆ. ಪಿಜ್ಜಾ ಮೇಲೆ ಎಳೆಎಳೆಯಾಗಿ ಬರುವುದು ಮೊಝರೆಲ್ಲಾ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕ್ಯೂಬು ಪ್ರೊಸೆಸ್ಡ್ ಚೀಸ್. ಅದು ಎಳೆ ಬರುವುದಿಲ್ಲ, ಆದರೆ ಬಿಸಿ ಸಾಸಿನಲ್ಲಿ ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ. ಸಾಸಿಗೆ ಕ್ಯೂಬೇ ವಾಸಿ. ಮೊಝರೆಲ್ಲಾ ನಾಗಮಂಗಲದಲ್ಲೋ ಬೆಳ್ಳೂರು ಕ್ರಾಸಿನಲ್ಲೋ ಸಿಕ್ಕರೆ ಮೇಲ್ಪದರಕ್ಕೆ ಹಾಕಿ, ಸಿಗದಿದ್ದರೆ ಹುಡುಕಿಕೊಂಡು ಹೋಗಬೇಡಿ. ಪನ್ನೀರು ಮಾತ್ರ ಚೀಸಿಗೆ ಬದಲಿಯಲ್ಲ. ಹುಳಿ ಹಿಂಡಿ ಒಡೆಸಿದ ಹಾಲಿನ ಗಟ್ಟಿ ಅದು, ಎಷ್ಟು ಕಾಯಿಸಿದರೂ ಕರಗದು.

ಖಾರ ಬಿಸ್ಕತ್ತು ಯಾಕೆ ಅಂತೀರೋ? ಪುಸ್ತಕಗಳು ಬ್ರೆಡ್ ಪುಡಿ ಹೇಳುತ್ತವೆ. ನಮ್ಮ ಬೇಕರಿಗಳ ರಸ್ಕು ಸಿಹಿ, ಬ್ರೆಡ್ಡಿಗೂ ಒಂಚೂರು ಸಿಹಿಯ ಎಳೆ. ಖಾರ ಬಿಸ್ಕತ್ತಿನಲ್ಲಿ ಜಿಡ್ಡು, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು ಎಲ್ಲ ಮೊದಲೇ ಇದೆ. ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅಲ್ಲಿಂದ ಬೆಳೆದ ಅಯ್ಯಂಗಾರ್ ಬೇಕರಿಗಳ ದೆಸೆಯಿಂದ ಈ ಬಿಸ್ಕತ್ತು ಇಂದು ಹೆದ್ದಾರಿಯ ಪ್ರತಿ ಕ್ರಾಸಿನಲ್ಲೂ ಸಿಗುತ್ತದೆ. ಇದನ್ನು ಬಿಟ್ಟು ಪೇಟೆಯ ಬ್ರೆಡ್ ಪುಡಿಗೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.

ಮಾಡುವ ಕ್ರಮ

1. ಪಲ್ಯವನ್ನು ಒಣಗಿಸಿ. ಬಸಿದ ಸೊಪ್ಪಿನಲ್ಲಿ ಇನ್ನೂ ನೀರಿರುತ್ತದೆ. ಒಗ್ಗರಣೆಗೆ ಹಾಕಿದ ಮೇಲೆ ಮುಚ್ಚದೆ, ಬಾಣಲೆಯ ತಳದಲ್ಲಿ ನೀರು ಕಾಣದ ಹಾಗೆ ಬಾಡಿಸಿ. ಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು. ಟಿನ್ನಿಗೆ ಹೋದ ಮೇಲೆ ಕಾಳು ಬೇಯುತ್ತದೆ ಅನ್ನುವ ಆಸೆ ಬೇಡ.

2. ಪಾಸ್ತಾವನ್ನು ಅರೆಬೇಯಿಸಿ. ಎರಡೂವರೆ ಲೀಟರ್ ನೀರು ಕೊತಕೊತ ಕುದಿಯುವಾಗ ಒಂದು ದೊಡ್ಡ ಚಮಚ ಉಪ್ಪು ಹಾಕಿ ಪಾಸ್ತಾ ಬಿಡಿ. ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಮೂರು ನಿಮಿಷ ಮೊದಲೇ ಇಳಿಸಿ. ಕಚ್ಚಿ ನೋಡಿದರೆ ನಡುವೆ ಬಿಳಿಯ ಸಣ್ಣ ಚುಕ್ಕಿ ಕಾಣಬೇಕು, ಹಲ್ಲಿಗೆ ಗಟ್ಟಿ ಸಿಗಬೇಕು. ಬಸಿಯುವ ಮುಂಚೆ ಒಂದು ಲೋಟ ನೀರು, ಅಂದರೆ 200 ಮಿ.ಲೀ., ಎತ್ತಿಟ್ಟುಕೊಳ್ಳಿ. ಪಾಸ್ತಾ ಬಿಟ್ಟ ಗಂಜಿ ಅದರಲ್ಲಿದೆ. ಸಾಸ್ ತೆಳ್ಳಗೆ ಮಾಡಲು ಬರೀ ನೀರಿಗಿಂತ ಅದು ಒಳ್ಳೆಯದು. ತಣ್ಣೀರಲ್ಲಿ ತೊಳೆಯಬೇಡಿ, ಮೈಮೇಲಿನ ಗಂಜಿ ಹೋದರೆ ಸಾಸ್ ಅಂಟುವುದಿಲ್ಲ.

3. ಸಾಸ್ ಕಾಯಿಸಿ. ಬಿಳಿ ಸಾಸ್ ಅಂದರೆ ಹೆದರುವವರು ಅನೇಕರು, ಗಂಟು ಕಟ್ಟುತ್ತದೆ ಅಂತ. ದಿನಾ ಅಂಬಲಿ ಕಾಯಿಸುವ ಕೈಗೆ ಇದು ಹೊಸ ವಿದ್ಯೆಯೇನಲ್ಲ. ಒಣ ಹಿಟ್ಟು ಬಿಸಿಗೆ ಬಿದ್ದರೆ ಉಂಡೆಯ ಹೊರಮೈ ಕೂಡಲೇ ಬೆಂದು, ಒಳಗಿನ ಹಿಟ್ಟಿಗೆ ನೀರು ಹೋಗುವ ದಾರಿ ಮುಚ್ಚಿಹೋಗುತ್ತದೆ. ಅಂಬಲಿಗೆ ರಾಗಿಹಿಟ್ಟನ್ನು ತಣ್ಣೀರಲ್ಲಿ ಕದಡಿ ಬಿಡುವುದು ಅದಕ್ಕೇ. ಮೈದಾವನ್ನೂ ಹಾಗೇ ಒಂದು ಲೋಟ ತಣ್ಣನೆ ಹಾಲಲ್ಲಿ ಕದಡಿಕೊಳ್ಳಿ. ಬೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಉಳಿದ ಹಾಲು ಹಾಕಿ, ಹಬೆ ಏಳುವಾಗ ಕದಡಿದ್ದನ್ನು ಸುರಿದು ಕೈ ಬಿಡದೆ ತಿರುವಿ. ಕುದಿ ಬಂದ ಮೇಲೂ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಇರಲಿ, ಇಲ್ಲದಿದ್ದರೆ ಹಸಿಹಿಟ್ಟಿನ ವಾಸನೆ ಹೋಗದು. ಒಲೆ ಆರಿಸಿ ಮೂರು ಕ್ಯೂಬ್ ಚೀಸ್ ತುರಿದು ಹಾಕಿ, ಮೆಣಸಿನ ಪುಡಿ ಸೇರಿಸಿ, ಎತ್ತಿಟ್ಟ ನೀರು ಬೆರೆಸಿ. ಸಾಸ್ ಹದ ದೋಸೆ ಹಿಟ್ಟಿಗಿಂತ ತೆಳ್ಳಗೆ, ಸೌಟಿನಿಂದ ಧಾರೆಯಾಗಿ ಬೀಳುವಂತಿರಬೇಕು. "ಇಷ್ಟು ನೀರಾಯಿತಲ್ಲ" ಅನ್ನಿಸಿದರೆ ಸರಿಯಾಗಿದೆ ಅಂತಲೇ ಅರ್ಥ. ಪಾಸ್ತಾ ಅದನ್ನೆಲ್ಲ ಕುಡಿಯುತ್ತದೆ. ಉಪ್ಪು ಈಗ ನೋಡಿ. ಪಲ್ಯ, ಚೀಸ್, ಬಿಸ್ಕತ್ತು ಮೂರರಲ್ಲೂ ಉಪ್ಪಿದೆ, ನೆನಪಿರಲಿ.

4. ಪದರ ಕಟ್ಟಿ. ಸುಮಾರು ಎರಡು ಲೀಟರ್ ಹಿಡಿಯುವ ಕೇಕ್ ಟಿನ್ನಿಗೋ ಅಗಲ ಬಾಯಿಯ ಸ್ಟೀಲ್ ಡಬ್ಬಿಗೋ ಬೆಣ್ಣೆ ಸವರಿ. ಎರಡು ಸೌಟು ಸಾಸನ್ನು ಬೇರೆ ತೆಗೆದಿಟ್ಟು ಉಳಿದದ್ದರಲ್ಲಿ ಪಾಸ್ತಾ ಕಲಸಿ. ಅರ್ಧ ಪಾಸ್ತಾ, ಮೇಲೆ ಪಲ್ಯ ಪೂರ್ತಿ, ಮತ್ತೆ ಪಾಸ್ತಾ, ಕೊನೆಗೆ ತೆಗೆದಿಟ್ಟ ಸಾಸ್ ಮತ್ತು ಉಳಿದ ಚೀಸ್. ಸಾಸಿನ ಹೊರಗೆ ತಲೆ ಎತ್ತಿದ ಪಾಸ್ತಾ ಒಣಗಿ ಕಲ್ಲಾಗುತ್ತದೆ, ಸೌಟಿನ ಬೆನ್ನಿಂದ ಒತ್ತಿ ಮುಳುಗಿಸಿ.

5. ಮೇಲ್ಪದರ. ಖಾರ ಬಿಸ್ಕತ್ತನ್ನು ತರಿತರಿಯಾಗಿ ಪುಡಿ ಮಾಡಿ. ಓವನ್ನಿಗೆ ಇಡುವವರು ಈಗಲೇ ಉದುರಿಸಬಹುದು. ಒಲೆಯವರು ಅದನ್ನು ಒಂದು ಚಮಚ ಬೆಣ್ಣೆಯಲ್ಲಿ ಕೆಂಪಗೆ ಹುರಿದು ಪಕ್ಕಕ್ಕಿಡಿ, ಬಡಿಸುವಾಗ ಹಾಕಿದರೆ ಸಾಕು.

6. ಕಾವು ಕೊಡಿ. ವಿಧಾನ ಕೆಳಗಿದೆ.

7. ಇಳಿಸಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಹಿಟ್ಟಿನ ಸಾಸ್ ಬಿಸಿಯಲ್ಲಿ ತೆಳ್ಳಗಿದ್ದು ಆರುತ್ತಾ ಗಟ್ಟಿಯಾಗುತ್ತದೆ. ಆಗ ಕತ್ತರಿಸಿದರೆ ತುಂಡು ತುಂಡಾಗಿ ಬರುತ್ತದೆ, ಮುಂಚೆಯೇ ಸೌಟು ಹಾಕಿದರೆ ಪಾಯಸ. ಮುದ್ದೆ ತಿರುವಿ ಕಟ್ಟಲು ಆ ಹತ್ತು ನಿಮಿಷ ಸರಿಹೋಗುತ್ತದೆ.

ಕಾವು ಕೊಡುವ ಬಗೆ

ಗ್ಯಾಸ್ ಒಲೆಯಲ್ಲಿ: ಮುಚ್ಚಳ ಸರಿಯಾಗಿ ಕೂರುವ ದಪ್ಪ ತಳದ ಹಳೆಯ ಪಾತ್ರೆ ತೆಗೆದುಕೊಳ್ಳಿ. ತಳಕ್ಕೆ ಒಂದೂವರೆ ಕಪ್ ಪುಡಿ ಉಪ್ಪು, ಇಲ್ಲವೇ ತೊಳೆದು ಒಣಗಿಸಿದ ಮರಳು ಹರಡಿ. ಕೆಳಗಿನ ಉರಿಯ ಹೊಡೆತ ತಡೆದು ಕಾವನ್ನು ಸಮನಾಗಿ ಹಂಚುವುದು ಇದರ ಕೆಲಸ. ಮೇಲೆ ಚಿಕ್ಕ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಲಿ. ಟಿನ್ ಇಟ್ಟು ಮುಚ್ಚಿ, ಉರಿ ತಗ್ಗಿಸಿ, 25 ನಿಮಿಷ. ಅಂಚಿನಲ್ಲಿ ಸಾಸ್ ಗುಳ್ಳೆ ಏಳುತ್ತಿದ್ದರೆ ಆಯಿತು. ಕೊನೆಯ ಐದು ನಿಮಿಷ ಮುಚ್ಚಳ ತೆಗೆದು, ಬೇರೆ ಒಲೆಯಲ್ಲಿ ಚೆನ್ನಾಗಿ ಕಾಯಿಸಿದ ಕಬ್ಬಿಣದ ಹೆಂಚನ್ನು ಪಾತ್ರೆಯ ಬಾಯಿಗೆ ಅಡ್ಡ ಇಟ್ಟರೆ ಚೀಸ್ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹಬೆ ಹೋಗಲು ಬೆರಳಗಲ ಸಂದು ಬಿಡಿ.

ಕಟ್ಟಿಗೆ ಒಲೆಯಲ್ಲಿ: ಹಿತ್ತಿಲಲ್ಲಿ ನೀರೊಲೆ ಇನ್ನೂ ಉರಿಯುವ ಮನೆಯಾದರೆ ಗ್ಯಾಸಿನವರಿಗಿಂತ ನಿಮ್ಮದೇ ಮೇಲುಗೈ. ಉರಿ ತೆಗೆದ ಕೆಂಡದ ಮೇಲೆ ಪಾತ್ರೆ, ಚಪ್ಪಟೆ ಮುಚ್ಚಳದ ಮೇಲೂ ಎರಡು ಹಿಡಿ ಕೆಂಡ. ಕರಾವಳಿಯಲ್ಲಿ ಸೌತೆಕಾಯಿಯ ಅಡ್ಯೆ ಎಂಬ ತಿಂಡಿಯನ್ನು ಹೀಗೆಯೇ ಮೇಲೆ ಕೆಳಗೆ ಕೆಂಡ ಕೊಟ್ಟು ಸುಡುತ್ತಾರೆ. ಮೇಲಿನಿಂದ ಒಣ ಕಾವು ಸಿಗುವುದರಿಂದ ಮೇಲ್ಪದರ ತಾನಾಗೇ ಕೆಂಪಗಾಗುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಅಡುಗೆಮನೆಯೊಳಗೆ ಮಾತ್ರ ಕೆಂಡ ಇಟ್ಟುಕೊಳ್ಳಬೇಡಿ.

ಒಟಿಜಿ (ಕರೆಂಟಿನ ಚಿಕ್ಕ ಓವನ್) ಇದ್ದವರು 200 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, 20 ನಿಮಿಷ ಇಟ್ಟು, ಕೊನೆಯ ಮೂರು ನಾಲ್ಕು ನಿಮಿಷ ಮೇಲಿನ ಕಡ್ಡಿ ಮಾತ್ರ ಉರಿಸಿ. ಸಂಜೆ ವೋಲ್ಟೇಜ್ ಇಳಿದಿದ್ದರೆ ಇನ್ನೂ ಐದು ಹತ್ತು ನಿಮಿಷ ಹಿಡಿಯಬಹುದು. ಸಾದಾ ಮೈಕ್ರೋವೇವ್ ಬಿಸಿ ಮಾಡುತ್ತದೆ, ಕೆಂಪಗೆ ಮಾಡುವುದಿಲ್ಲ. ಅದರಲ್ಲಿ ಲೋಹದ ಪಾತ್ರೆ ಇಡಬಾರದೆಂಬುದು ಗೊತ್ತೇ ಇದೆ.

ಎಚ್ಚರಿಕೆ

ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್, ವೇಟ್ ಎರಡೂ ತೆಗೆಯಲೇಬೇಕು. ಒಣ ಕಾವಿಗೆ ಕುಕ್ಕರಿನ ತಳ ಸೊಟ್ಟಗಾಗುವುದುಂಟು, ಆದ್ದರಿಂದ ದಿನಬಳಕೆಯ ಕುಕ್ಕರ್ ಬೇಡ, ಮೂಲೆ ಸೇರಿದ ಹಳೆಯದಿರಲಿ. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಕಾಯಿಸಬಾರದು, ಅದರ ಲೇಪ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಗಾಜಿನ ಬಟ್ಟಲನ್ನು ನೇರ ಬಿಸಿ ಓವನ್ನಿಗೆ ಇಟ್ಟರೆ ಸೀಳುತ್ತದೆ. ಒಟಿಜಿಯನ್ನು ಮೊಬೈಲ್ ಚಾರ್ಜ್ ಮಾಡುವ ಚಿಕ್ಕ ಸಾಕೆಟ್ಟಿಗೆ ಚುಚ್ಚಬೇಡಿ, ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಉಪ್ಪು, ಮರಳು ಒಲೆ ಆರಿದ ಮೇಲೂ ಬಹಳ ಹೊತ್ತು ಸುಡುತ್ತವೆ; ಚಿಕ್ಕ ಮಕ್ಕಳ ಕೈಗೆ ಎಟುಕದಿರಲಿ.

ಸಾಮಾನ್ಯವಾಗಿ ಕೆಡುವುದು ಎಲ್ಲಿ?

ಹತ್ತರಲ್ಲಿ ಒಂಬತ್ತು ಸಲ ದೂರು ಒಂದೇ, ಒಣಗಿಹೋಯಿತು ಅಂತ. "ಏನ್ ಮಗ ಇದು, ಗಂಟ್ಲಲ್ಲಿ ಇಳೀತಾನೇ ಇಲ್ವಲ್ಲ" ಎಂದು ಅಜ್ಜಿ ತಟ್ಟೆ ಸರಿಸಿದರೆ ತಪ್ಪು ಅಜ್ಜಿಯದಲ್ಲ. ಸಾಸ್ ಗಟ್ಟಿಯಾಗಿತ್ತು, ಇಲ್ಲವೇ ಕಡಿಮೆಯಾಗಿತ್ತು. ಮುಂದಿನ ಸಲ ಇನ್ನರ್ಧ ಲೋಟ ಹಾಲು ಸೇರಿಸಿ.

ಪಾಸ್ತಾ ಅಂಟಂಟಾಗಿ ಗಂಜಿಯಾದರೆ ಮೊದಲೇ ಪೂರ್ತಿ ಬೇಯಿಸಿದ್ದೀರಿ. ತಳದಲ್ಲಿ ನೀರು ನಿಂತರೆ ಪಲ್ಯ ಒಣಗಿರಲಿಲ್ಲ. ಸಾಸ್ ಮರಳು ಮರಳಾಗಿದ್ದರೆ ಚೀಸ್ ಹಾಕುವಾಗ ಉರಿ ಆರಿಸಿರಲಿಲ್ಲ, ಅಥವಾ ಹುಳಿ ತಾಗಿದೆ. ಟೊಮೇಟೊ ಇಲ್ಲದೆ ಮಕ್ಕಳು ತಿನ್ನುವುದೇ ಇಲ್ಲ ಅನ್ನುವ ಮನೆಯಾದರೆ ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆ ಬಿಡುವ ತನಕ ಬಾಡಿಸಿ, ಬೇರೆ ಪದರವಾಗಿ ಹಾಕಿ. ಹಾಲಿನೊಳಗೆ ಕಲಸಬೇಡಿ.

ಮೈದಾ ಕಡಿಮೆ ಇರಲಿ ಅನ್ನುವವರು ಒಂದು ಚಮಚ ಮೈದಾ ಬದಲು ರಾಗಿಹಿಟ್ಟು ಹಾಕಬಹುದು. ಸಾಸ್ ಬಣ್ಣ ಮಂಕಾಗುತ್ತದೆ, ನೋಡಲು ಚಂದವಿಲ್ಲ, ತಿನ್ನಲು ಚೆನ್ನ. ಮೂರು ಚಮಚವೂ ರಾಗಿಯೇ ಆದರೆ ಅದು ಪಾಸ್ತಾ ಹಾಕಿದ ಅಂಬಲಿ, ನಾನು ಶಿಫಾರಸು ಮಾಡುವುದಿಲ್ಲ. ಬಾಡೂಟದ ಮನೆಯಲ್ಲಿ ಹಿಂದಿನ ದಿನದ ಕೋಳಿ ಫ್ರಿಜ್ಜಿನಲ್ಲಿದ್ದರೆ ಮೂಳೆ ಬಿಡಿಸಿ, ಮಸಾಲೆ ಹಿಂಗುವಂತೆ ಹುರಿದು ಪಲ್ಯದ ಜೊತೆ ಸೇರಿಸಿ.

ಮೊದಲೇ ಕಟ್ಟಿಡುವುದು, ಉಳಿದದ್ದನ್ನು ಕಾಪಾಡುವುದು

ಮಧ್ಯಾಹ್ನವೇ ಪದರ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಸಂಜೆ ಡೇರಿಯಿಂದ ಬಂದು ಒಲೆಗೇರಿಸುವುದಷ್ಟೇ ಕೆಲಸ. ಆದರೆ ಪಾಸ್ತಾ ಫ್ರಿಜ್ಜಿನಲ್ಲಿ ಕೂತೂ ಸಾಸ್ ಕುಡಿಯುತ್ತಲೇ ಇರುತ್ತದೆ. ಇಡುವ ಮುನ್ನ ಕಾಲು ಲೋಟ ಹಾಲು ಮೇಲಿಂದ ಸುರಿಯಿರಿ, ಕಾವಿನ ಸಮಯಕ್ಕೆ ಹತ್ತು ನಿಮಿಷ ಕೂಡಿಸಿ. ಫ್ರಿಜ್ ಇಲ್ಲದಿದ್ದರೆ ಪಲ್ಯ ಮಾತ್ರ ಮಾಡಿಟ್ಟು ಸಾಸ್ ಸಂಜೆಯೇ ಕಾಯಿಸಿ. ಹಾಲಿನ ಪದಾರ್ಥ, ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಏಪ್ರಿಲ್, ಮೇ ತಿಂಗಳ ಸೆಕೆಗೆ ಒಂದೇ ಗಂಟೆ.

ರಾತ್ರಿ ಉಳಿದದ್ದನ್ನು ಆರಿಸಿ, ಮುಚ್ಚಿ ಫ್ರಿಜ್ಜಿಗಿಡಿ, ಮರುದಿನವೇ ಮುಗಿಸಿ. ಬೆಳಗ್ಗೆ ಅದು ಬರ್ಫಿಯಂತೆ ಗಟ್ಟಿಯಾಗಿರುತ್ತದೆ. ಬೆರಳುದ್ದ ತುಂಡು ಮಾಡಿ, ಕಾದ ಹೆಂಚಿಗೆ ಚೂರು ಎಣ್ಣೆ ಬಿಟ್ಟು, ಒಳಗಿನ ತನಕ ಹಬೆಯಾಡುವಂತೆ ಎರಡು ಮಗ್ಗುಲೂ ಸಣ್ಣ ಉರಿಯಲ್ಲಿ ಕೆಂಪಗೆ ಸುಡಿ. ಸ್ಕೂಲ್ ಡಬ್ಬಿಗೆ ಹಾಕುವುದಾದರೆ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ, ಹತ್ತು ಗಂಟೆಯ ಬಿಡುವಿಗೇ ತಿಂದು ಮುಗಿಸಲು ಹೇಳಿ ಕಳಿಸಿ. ಬಿಸಿಲುಗಾಲದಲ್ಲಿ ಡಬ್ಬಿಗೆ ಇದು ಬೇಡ.